ಸಿಗರೇಟು ಬಿಟ್ಟು ಇ-ಸಿಗರೇಟಿಗೆ ಬಂದವರಿಗೆ, ಊರಿಗೆ ಬಂದು ಅದನ್ನೂ ಬಿಡಬೇಕಾದವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಟಪಾಡಿಯವನು. 17 ವರ್ಷ ಸಿಗರೇಟು ಸೇದಿದೆ. ದುಬೈಯಲ್ಲಿ ಕೆಲಸದಲ್ಲಿದ್ದಾಗ ಸಿಗರೇಟು ಬಿಟ್ಟು ಇ-ಸಿಗರೇಟು ಹಿಡಿದೆ. ಎರಡು ವರ್ಷ ಅದರಲ್ಲೇ ಇದ್ದೆ. ಕೆಲಸ ಬಿಟ್ಟು ಊರಿಗೆ ಬರುವಾಗ ಅದನ್ನೂ ಬಿಡಬೇಕಾಯಿತು. ಸಿಗರೇಟು ಬಿಡುವುದಕ್ಕಿಂತ ಈ ಎರಡನೇ ಬಿಡುವಿಕೆ ನನಗೆ ಕಷ್ಟವಾಯಿತು. ಯಾಕೆಂದರೆ ಅದರ ಬಗ್ಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಉಡುಪಿ, ಮಂಗಳೂರಿನಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿ ಇದ್ದಾರೆ ಅಲ್ವಾ. ರಜೆಗೆ ಬಂದವರು, ಬಿಟ್ಟು ಬಂದವರು, ಅಲ್ಲಿಂದಲೇ ಫೋನ್ ಮಾಡುವವರು, ಅವರ ಮನೆಯವರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ನನಗೆ ಡಾಕ್ಟರು ಹೇಳಿದ್ದು, ನಾನು ಓದಿ ಖಾತ್ರಿ ಮಾಡಿಕೊಂಡದ್ದು, ನನ್ನ ಮೈಮೇಲೆ ಆದದ್ದು ಇಷ್ಟನ್ನೇ ಬರೆದಿದ್ದೇನೆ.

ಸಿಗರೇಟು ಬಿಟ್ಟರೆ ಕೆಮ್ಮು ಕಡಿಮೆ ಆಗಬೇಕಿತ್ತು. ಇ-ಸಿಗರೇಟಿಗೆ ಬಂದ ಮೇಲೆ ಜಾಸ್ತಿ ಆಗಿದೆ. ಯಾಕೆ?

ಇದಕ್ಕೆ ಎರಡು ಕಾರಣ ಉಂಟು.

ಮೊದಲನೆಯದು ಒಳ್ಳೆಯದೇ. ನಮ್ಮ ಶ್ವಾಸನಾಳದ ಒಳಗೆ ಕೂದಲಿಗಿಂತ ಸಣ್ಣ ಎಳೆಗಳಿವೆ. ಕಫವನ್ನು, ಧೂಳನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ವರ್ಷಗಟ್ಟಲೆ ಹೊಗೆ ಬಿದ್ದು ಅವು ಕೆಲಸ ನಿಲ್ಲಿಸಿರುತ್ತವೆ. ಹೊಗೆ ನಿಂತ ಮೇಲೆ ಮತ್ತೆ ಶುರು ಮಾಡುತ್ತವೆ. ಹಳೆಯ ಕಫವೆಲ್ಲ ಮೇಲೆ ಬರುತ್ತದೆ. ಕೆಲವು ವಾರ ಹೀಗಿರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ.

ಎರಡನೆಯದು ಇ-ಸಿಗರೇಟಿನ ಒಳಗೆ ಕಾದು ಆವಿಯಾಗುವ ಲಿಕ್ವಿಡ್‌ನ ಕೆಲಸ. ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುವ ವಸ್ತು. ಬಾಯಿ, ಗಂಟಲು ಒಣಗುತ್ತದೆ, ಕೆರೆತ ಬರುತ್ತದೆ. ನೀರು ಜಾಸ್ತಿ ಕುಡಿಯಬೇಕು. ಎಳೆಯುವ ರೀತಿಯೂ ಬೇರೆ. ಸಿಗರೇಟಿನ ಹಾಗೆ ಚುಟುಕಾಗಿ ಜೋರಾಗಿ ದಮ್ಮು ಎಳೆದರೆ ಕೆಮ್ಮು ಬಂದೇ ಬರುತ್ತದೆ. ಮೂರು ನಾಲ್ಕು ಸೆಕೆಂಡು ನಿಧಾನವಾಗಿ ಎಳೆಯಬೇಕು. ನನಗೆ ಇದು ಗೊತ್ತಾಗಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ಎರಡು ಸಲ ಸಿಗರೇಟಿಗೆ ವಾಪಸ್ ಹೋಗಿದ್ದೆ.

ಒಂದು ಎಚ್ಚರಿಕೆ. ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಸಂಜೆ ಜ್ವರ ಬಂದರೆ 'ಸಿಗರೇಟು ಬಿಟ್ಟದ್ದಕ್ಕೆ ಹೀಗೆ' ಎಂದು ಸುಮ್ನೆ ಕೂರಬೇಡಿ. ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ.

ಎಷ್ಟು ಎಳೆದರೂ ಸಿಗರೇಟು ಸೇದಿದ ಹಾಗೆ ಆಗುವುದಿಲ್ಲ. ನನ್ನದೇ ತಪ್ಪಾ?

ತಪ್ಪಲ್ಲ. ಸಿಗರೇಟಿನ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳಿಗೆ ಮುಟ್ಟುತ್ತದೆ. ಆ ವೇಗಕ್ಕೆ ನಮ್ಮ ಮೈ ಒಗ್ಗಿಹೋಗಿದೆ. ಬಹಳಷ್ಟು ಇ-ಸಿಗರೇಟುಗಳಲ್ಲಿ, ಅದರಲ್ಲೂ ಹೊಸಬರ ಕೈಯಲ್ಲಿ, ಅಷ್ಟು ಬೇಗ ಅಷ್ಟು ನಿಕೋಟಿನ್ ಸಿಗುವುದಿಲ್ಲ. ಕಡಿಮೆ ಸ್ಟ್ರಾಂಗ್ ಇದ್ದದ್ದು ಒಳ್ಳೆಯದು ಎಂದು ಮೊದಲ ದಿನವೇ ತೀರಾ ಕಡಿಮೆ ನಿಕೋಟಿನ್‌ನ ಲಿಕ್ವಿಡ್ ತೆಗೆದುಕೊಂಡವರು ಇಡೀ ದಿನ ಎಳೆಯುತ್ತಾ ಕೂರುತ್ತಾರೆ. ಕೊನೆಗೆ ಸಿಗರೇಟನ್ನೇ ಹಚ್ಚುತ್ತಾರೆ.

ಆದರೆ ನಿಕೋಟಿನ್ ಒಂದೇ ಅಲ್ಲ. ಬೆರಳ ನಡುವಿನ ಕಡ್ಡಿ, ಪ್ಯಾಕಿಗೆ ತಟ್ಟುವುದು, ಬೆಂಕಿ ಹಚ್ಚುವುದು, ಬೂದಿ ಕೊಡವುವುದು, ಕೊನೆಯಲ್ಲಿ ಕಾಲಡಿ ಹಾಕಿ ಹೊಸಕುವುದು ಎಲ್ಲ ಸೇರಿ ಒಂದು ಸಿಗರೇಟು. ಅದಕ್ಕೊಂದು ಶುರು, ಒಂದು ಕೊನೆ ಇತ್ತು. ಇ-ಸಿಗರೇಟಿಗೆ ಕೊನೆಯೇ ಇಲ್ಲ. ಕಿಸೆಯಿಂದ ತೆಗೆದೆ, ಎಳೆದೆ, ಇಟ್ಟೆ, ಮತ್ತೆ ತೆಗೆದೆ. ಸಿಗರೇಟು ಸೇದುವಾಗ ನಾನು ದಿನಕ್ಕೆ 14 ಎಂದು ಲೆಕ್ಕ ಹೇಳುತ್ತಿದ್ದೆ. ಇ-ಸಿಗರೇಟಿನಲ್ಲಿ ಲೆಕ್ಕವೇ ತಪ್ಪಿಹೋಯಿತು. ಹಾಸಿಗೆಯಲ್ಲಿ, ಬಚ್ಚಲಲ್ಲಿ, ಊಟದ ನಡುವೆ ಕೂಡ. ನನ್ನ ಪ್ರಕಾರ ಇದೇ ಅದರ ದೊಡ್ಡ ಅಪಾಯ. ಈಗ ಅದರಲ್ಲಿ ಇರುವವರು ಒಂದು ಕೆಲಸ ಮಾಡಿ. ಮೊದಲು ಸಿಗರೇಟಿಗೆ ಎದ್ದು ಹೊರಗೆ ಹೋಗುತ್ತಿದ್ದಿರಲ್ಲ, ಹಾಗೆಯೇ ಇದಕ್ಕೂ ಎದ್ದು ಹೊರಗೆ ಹೋಗಿ. ಹತ್ತು ಸಲ ಎಳೆದು ಒಳಗೆ ಬನ್ನಿ. ಕೂತಲ್ಲೇ ಎಳೆಯುವುದನ್ನು ನಿಲ್ಲಿಸಿದರೆ ಅರ್ಧ ಕಡಿಮೆ ಆಗುತ್ತದೆ.

ತಲೆ ತಿರುಗು, ವಾಕರಿಕೆ, ಎದೆ ಡವಡವ ಬಂದರೆ ಅದು ನಿಕೋಟಿನ್ ಜಾಸ್ತಿ ಆದ ಲಕ್ಷಣ. ತಕ್ಷಣ ಇಟ್ಟುಬಿಡಿ.

ಸಿಗರೇಟು ಬಿಟ್ಟ ಮೇಲೆ ಕಾಫಿ ಕುಡಿದರೆ ಕೈ ನಡುಗುತ್ತದೆ, ರಾತ್ರಿ ನಿದ್ರೆ ಬರುವುದಿಲ್ಲ. ಇದು ನಿಕೋಟಿನ್ ಬಿಟ್ಟದ್ದಕ್ಕಾ?

ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಉಡುಪಿಯವರಿಗಂತೂ ಗೊತ್ತಿರಲೇಬೇಕು!

ಸಿಗರೇಟಿನ ಹೊಗೆಯಲ್ಲಿರುವ ಟಾರ್ ಎಂಬ ಅಂಟು ಮಸಿಯ ಕೆಲವು ವಸ್ತುಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡಿಟ್ಟಿರುತ್ತವೆ. ಕಾಫಿಯ ಕೆಫೀನನ್ನು ಕರಗಿಸಿ ಹೊರಗೆ ಹಾಕುವುದೂ ಅದೇ ಕಿಣ್ವ. ಹಾಗಾಗಿ ಸಿಗರೇಟು ಸೇದುವವರ ಮೈಯಿಂದ ಕೆಫೀನು ಬೇರೆಯವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹೋಗುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ಮೊದಲಿನ ವೇಗಕ್ಕೆ ಇಳಿಯುತ್ತದೆ. ನೀವು ಕುಡಿಯುವ ಕಾಫಿ ಅಷ್ಟೇ, ಆದರೆ ಮೈಯಲ್ಲಿ ಉಳಿಯುವುದು ಮೊದಲಿಗಿಂತ ತುಂಬಾ ಜಾಸ್ತಿ. ಕೈ ನಡುಕ, ಸಿಟ್ಟು, ನಿದ್ರೆ ಇಲ್ಲ. ಇವೆಲ್ಲ ನಿಕೋಟಿನ್ ಬಿಟ್ಟಾಗಲೂ ಬರುವ ಲಕ್ಷಣಗಳೇ ಆದ್ದರಿಂದ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಗಮನಿಸಿ, ಇದು ನಿಕೋಟಿನ್‌ನಿಂದ ಆಗುವುದಲ್ಲ, ಹೊಗೆಯಿಂದ ಆಗುವುದು. ಅಂದರೆ ಇ-ಸಿಗರೇಟು ಹಿಡಿದವರಿಗೂ, ನಿಕೋಟಿನ್ ಗಮ್ ಅಗಿಯುವವರಿಗೂ ಕಾಫಿಯ ಈ ತೊಂದರೆ ಬರುತ್ತದೆ. ಬಿಟ್ಟ ದಿನದಿಂದಲೇ ಕಾಫಿಯನ್ನು ಅರ್ಧ ಮಾಡಿ. ನಾಲ್ಕು ಲೋಟ ಇದ್ದರೆ ಎರಡು. ಸಂಜೆ ನಾಲ್ಕರ ಮೇಲೆ ಬೇಡ. ನಾನು ಕಾಫಿ ಕಡಿಮೆ ಮಾಡಿದ ಮೂರನೇ ರಾತ್ರಿ ಸರಿಯಾಗಿ ನಿದ್ರೆ ಮಾಡಿದೆ.

ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಏನಾದರೂ ಬದಲಾಗುತ್ತದಾ?

ಆಗಬಹುದು. ಮೇಲೆ ಹೇಳಿದ ಕಿಣ್ವವೇ ಕೆಲವು ಔಷಧಿಗಳನ್ನೂ ಕರಗಿಸುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ (ಡೆರಿಫಿಲಿನ್ ಮಾತ್ರೆಯಲ್ಲಿ ಇದು ಉಂಟು), ಮನಸ್ಸಿನ ಕಾಯಿಲೆಗೆ ಕೊಡುವ ಕ್ಲೊಜಪಿನ್, ಒಲಾಂಜಪಿನ್ ಇವುಗಳ ಡೋಸು ಸಿಗರೇಟು ಬಿಟ್ಟ ಮೇಲೆ ಮೈಗೆ ಜಾಸ್ತಿ ಆಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಡೋಸು ಬದಲಿಸಬೇಕಾಗಬಹುದು. ನೀವಾಗಿಯೇ ಕಡಿಮೆ ಮಾಡಬೇಡಿ. 'ಸಿಗರೇಟು ಬಿಡುತ್ತಿದ್ದೇನೆ' ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಸರಿ, ಇ-ಸಿಗರೇಟು ಸಿಗರೇಟಿಗಿಂತ ಒಳ್ಳೆಯದಾ, ಅಲ್ಲವಾ?

ಎಲ್ಲರೂ ಒಂದೇ ಮಾತಿನ ಉತ್ತರ ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳಿದರೆ ಸುಳ್ಳಾಗುತ್ತದೆ.

ಸಿಗರೇಟಿನಲ್ಲಿ ಎಲೆ ಸುಡುತ್ತದೆ. ದಮ್ಮು ಎಳೆದಾಗ ಅದರ ಕೆಂಡ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಆ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಸುಮಾರು 70 ಕ್ಯಾನ್ಸರ್ ತರುವಂಥವು. ಇ-ಸಿಗರೇಟಿನಲ್ಲಿ ಏನೂ ಸುಡುವುದಿಲ್ಲ. ಬ್ಯಾಟರಿಯಿಂದ ಕಾದ ತಂತಿ ಲಿಕ್ವಿಡ್ಡನ್ನು ಆವಿ ಮಾಡುತ್ತದೆ. ಹಾಗಾಗಿ ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಸೇದುವವನು ಸಿಗರೇಟನ್ನು ಪೂರ್ತಿ ಬಿಟ್ಟು ಇದಕ್ಕೆ ಬಂದರೆ ಅವನ ಮೈಗೆ ಹೋಗುವ ವಿಷ ಕಡಿಮೆ ಆಗುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯೇ ಸಿಗರೇಟು ಬಿಡಲು ದೊಡ್ಡವರಿಗೆ ಇದನ್ನು ಒಂದು ದಾರಿಯಾಗಿ ಹೇಳುತ್ತದೆ. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚಿಗಿಂತ ಇದರಿಂದ ಬಿಟ್ಟವರು ಜಾಸ್ತಿ ಎಂದು ಪ್ರಯೋಗಗಳಲ್ಲಿ ಕಂಡಿರುವುದೂ ನಿಜ.

ಇನ್ನೊಂದು ಕಡೆಯೂ ನಿಜವೇ. ನಿಕೋಟಿನ್ ಚಟ ಹಾಗೆಯೇ ಉಳಿಯುತ್ತದೆ. ಅದು ಎದೆಬಡಿತ, ಬಿಪಿ ಏರಿಸುತ್ತದೆ. ಲಿಕ್ವಿಡ್‌ಗೆ ಹಾಕುವ ಮಾವು, ಪುದೀನಾ, ಕಸ್ಟರ್ಡ್ ಪರಿಮಳಗಳು ತಿನ್ನಲು ತೊಂದರೆ ಇಲ್ಲದವು ಇರಬಹುದು. ಹೊಟ್ಟೆ ಬೇರೆ, ಶ್ವಾಸಕೋಶ ಬೇರೆ ಅಲ್ವಾ. ತೆಂಗಿನೆಣ್ಣೆ ಅಡುಗೆಗೆ ಒಳ್ಳೆಯದೆಂದು ಅದನ್ನು ಮೂಗಿಗೆ ಎಳೆದುಕೊಳ್ಳುವುದಿಲ್ಲ. 2003ರ ಹೊತ್ತಿಗೆ ಚೀನಾದ ಹೊನ್ ಲಿಕ್ ಎಂಬವರು ಈಗಿನ ಮಾದರಿಯನ್ನು ಮಾಡಿದ್ದು. 30-40 ವರ್ಷ ಎಳೆದವರ ಶ್ವಾಸಕೋಶ ಹೇಗಿರುತ್ತದೆ ಎಂದು ನೋಡಲು ಅಷ್ಟು ವರ್ಷ ಆಗಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದರ ಮೇಲೆ ಬಿಗಿ ಹಿಡಿತ ಬೇಕೆನ್ನುತ್ತದೆ.

ಸೇದದವನಿಗೆ ಇದು ಬೇಡವೇ ಬೇಡ. ಸಿಗರೇಟು ಬಿಡಲೇ ಆಗದವನಿಗೆ, ಅದು ಕಾನೂನಿನಲ್ಲಿ ಇರುವ ದೇಶದಲ್ಲಿ, ಕೆಲವು ತಿಂಗಳಿನ ಸಂಕ (ಕಾಲುಸೇತುವೆ) ಅಷ್ಟೇ. ನಾನು ಸಂಕದ ಮೇಲೆಯೇ ಎರಡು ವರ್ಷ ನಿಂತೆ, ದಾಟಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಗಲು ಇ-ಸಿಗರೇಟು, ರಾತ್ರಿ ಎರಡು ಸಿಗರೇಟು. ಇದರಿಂದ ಲಾಭ ಉಂಟಾ?

ತುಂಬಾ ಕಡಿಮೆ. ಹೃದಯದ ವಿಷಯದಲ್ಲಿ ಒಂದೆರಡು ಸಿಗರೇಟಿನ ಹಾನಿಯೂ ಸಣ್ಣದಲ್ಲ. 'ಕಡಿಮೆ ಮಾಡಿದ್ದೇನೆ' ಎಂಬ ಸಮಾಧಾನದಲ್ಲಿ ವರ್ಷ ಕಳೆದುಹೋಗುತ್ತದೆ. ಎರಡನ್ನೂ ಹಿಡಿದುಕೊಂಡರೆ ಎರಡೂ ಬಿಡುವುದಿಲ್ಲ. ತಾರೀಕು ಹಾಕಿ ಸಿಗರೇಟನ್ನು ಪೂರ್ತಿ ನಿಲ್ಲಿಸಿ.

ಊರಿಗೆ ಬರುವಾಗ ನನ್ನ ಇ-ಸಿಗರೇಟನ್ನು ಬ್ಯಾಗಿನಲ್ಲಿ ತರಬಹುದಾ? ನನ್ನ ಸ್ವಂತಕ್ಕೆ ಮಾತ್ರ.

ತರಬೇಡಿ. ದುಬೈಯಲ್ಲಿ 2019ರಿಂದ ಮಾರಾಟಕ್ಕೆ ಅನುಮತಿ ಉಂಟು. ಹಾಗಾಗಿ ನಮ್ಮವರಿಗೆ ಇಲ್ಲಿಯೂ ಹಾಗೇ ಎಂದು ಅನಿಸುತ್ತದೆ. ಇಲ್ಲಿ ಹಾಗಲ್ಲ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು. ಇಡೀ ದೇಶಕ್ಕೆ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದಿದ್ದಕ್ಕೇ ಎಂದು ಕಾಯ್ದೆಯಲ್ಲಿ ಬೇರೆ ಶಿಕ್ಷೆ ಬರೆದಿಲ್ಲ. ಆದರೆ ಹೊರದೇಶದಿಂದ ತಂದರೆ ಅದು ಆಮದು. 'ಸ್ವಂತಕ್ಕೆ' ಎಂದು ವಾದ ಮಾಡಲು ಬಜಪೆ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರ್ ಜಾಗವಲ್ಲ. ಹೊರಗೆ ಅಪ್ಪ ಅಮ್ಮ ಕಾಯುತ್ತಾ ನಿಂತಿರುತ್ತಾರೆ.

ಗಲ್ಫ್ ಎಂದರೆ ಎಲ್ಲ ಕಡೆ ಒಂದೇ ಕಾನೂನು ಎಂದೂ ತಿಳಿಯಬೇಡಿ. ಕತಾರಿನಲ್ಲಿ ನಿಷೇಧ ಉಂಟು.

ಮಂಗಳೂರಿನಲ್ಲೇ ಕದ್ದು ಸಿಗುತ್ತದಂತೆ. ತೆಗೆದುಕೊಂಡರೆ ಏನಾಗುತ್ತದೆ?

ಕಾನೂನಿನ ಮಾತು ಒಂದು ಕಡೆ ಇರಲಿ. ಕದ್ದು ಬಂದ ಮಾಲಿನಲ್ಲಿ ಏನು ತುಂಬಿದ್ದಾರೆ ಎಂದು ಕೇಳಲು ಯಾರೂ ಇಲ್ಲ. ಇಂಗ್ಲೆಂಡ್, ಯುರೋಪಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಮ್ ನಿಕೋಟಿನ್ ದಾಟಬಾರದು ಎಂಬ ಮಿತಿ ಉಂಟು. ಕದ್ದ ಮಾಲಿಗೆ ಯಾವ ಮಿತಿ? ಅಮೆರಿಕದಲ್ಲಿ 2019ರಲ್ಲಿ ಇದ್ದಕ್ಕಿದ್ದ ಹಾಗೆ ಜನ ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ. 68 ಜನ ಸತ್ತರು. ಹೆಚ್ಚಿನವರು ಎಳೆದದ್ದು ಕಳ್ಳದಾರಿಯಲ್ಲಿ ಬಂದ ಗಾಂಜಾ ಎಣ್ಣೆಯ ಕಾರ್ಟ್ರಿಜ್. ಅದನ್ನು ದಪ್ಪ ಮಾಡಲು ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರು. ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವ ವಸ್ತು ಅದು. ಮಾರುವವನು ಗುರುತಿನವನೇ ಆದರೂ ಒಳಗೆ ಏನಿದೆ ಎಂದು ಅವನಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಊರಲ್ಲಿ ಇಳಿದ ಮೇಲೆ ಎಂತ ಮಾಡುವುದು? ಒಮ್ಮೆಗೇ ಬಿಡಲು ಆಗುವುದಿಲ್ಲ.

ಒಮ್ಮೆಗೇ ಬಿಡಬೇಕು ಎಂದು ಯಾರೂ ಹೇಳುತ್ತಿಲ್ಲ. ನಿಕೋಟಿನ್ ಗಮ್, ಪ್ಯಾಚ್ ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. 2 ಮಿಲಿಗ್ರಾಮ್ ಗಮ್‌ಗೆ ಚೀಟಿ ಬೇಡ. 4 ಮಿಲಿಗ್ರಾಮಿಗೆ ಡಾಕ್ಟರ ಚೀಟಿ ಬೇಕು. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ನಿಮಗೆ ಮೊದಲ ಸಿಗರೇಟು ಬೇಕಿತ್ತು ಎಂದಾದರೆ 2 ಸಾಲುವುದಿಲ್ಲ, ಡಾಕ್ಟರನ್ನು ನೋಡಿ.

'ಗಮ್ ಅಗಿದೆ, ಏನೂ ಆಗಲಿಲ್ಲ, ಬಿಕ್ಕಳಿಕೆ ಬಂತು' ಎನ್ನುವವರೇ ಜಾಸ್ತಿ. ಅಗಿಯುವ ಕ್ರಮ ತಪ್ಪಿರುತ್ತದೆ. ಇದು ಮಾಮೂಲಿ ಚೂಯಿಂಗ್ ಗಮ್ ಅಲ್ಲ. ನಿಧಾನವಾಗಿ ಕೆಲವು ಸಲ ಅಗಿಯಿರಿ. ಬಾಯಲ್ಲಿ ಕಾಳುಮೆಣಸಿನ ಹಾಗೆ ಖಾರ, ಚುರುಚುರು ಬರುತ್ತದೆ. ಬಂದ ಕೂಡಲೇ ಅಗಿಯುವುದು ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಿ. ನಿಕೋಟಿನ್ ಅಲ್ಲಿಂದ ರಕ್ತಕ್ಕೆ ಹೋಗಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿದು ಬೇರೆ ಕಡೆ ಇಡಿ. ಹೀಗೆ ಅರ್ಧ ಗಂಟೆ. ಒಂದೇ ಸಮನೆ ಅಗಿದು ರಸ ನುಂಗಿದರೆ ನಿಕೋಟಿನ್ ಹೊಟ್ಟೆಗೆ ಹೋಗುತ್ತದೆ, ಬಿಕ್ಕಳಿಕೆ, ಎದೆ ಉರಿ ಬರುತ್ತದೆ, ಆಸೆ ಮಾತ್ರ ಹಾಗೇ ಉಳಿಯುತ್ತದೆ.

ಇನ್ನೊಂದು. ಗಮ್ ಹಾಕುವ 15 ನಿಮಿಷ ಮೊದಲು ಮತ್ತು ಗಮ್ ಬಾಯಲ್ಲಿ ಇರುವಾಗ ಹುಳಿಯದ್ದು ಏನೂ ಬೇಡ. ಕಾಫಿ, ನಿಂಬೆ ಶರಬತ್ತು, ಸೋಡಾ, ಪುನರ್ಪುಳಿ ಯಾವುದೂ ಬೇಡ. ಹುಳಿ ಇದ್ದರೆ ಬಾಯಿ ನಿಕೋಟಿನ್ ಹೀರುವುದಿಲ್ಲ. ನಮ್ಮ ಊರಿನ ಬೇಸಿಗೆಯಲ್ಲಿ ಇದು ನೆನಪಿರಬೇಕು. ನೀರು ಕುಡಿಯಬಹುದು.

ಮೊದಲ ಆರು ವಾರ ಗಂಟೆಗೋ ಎರಡು ಗಂಟೆಗೋ ಒಂದು. ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೆ ಒಂದು. ಕೊನೆಯ ಮೂರು ವಾರ ಇನ್ನೂ ದೂರ ದೂರ. ಒಟ್ಟು 12 ವಾರ. ಬೇಕು ಅನಿಸಿದ ಮೇಲೆ ಹಾಕುವುದಲ್ಲ, ಅನಿಸುವ ಮೊದಲೇ ಹಾಕುವುದು. ಜನ ಎರಡನೇ ವಾರದಲ್ಲೇ 'ಸಾಕು' ಎಂದು ನಿಲ್ಲಿಸಿ ಕೆಡಿಸಿಕೊಳ್ಳುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದು.

ಪ್ಯಾಚ್ ದಿನಕ್ಕೊಂದು. ಕೂದಲಿಲ್ಲದ ಜಾಗದಲ್ಲಿ, ದಿನಾ ಬೇರೆ ಜಾಗಕ್ಕೆ ಹಚ್ಚಬೇಕು. ಕರಾವಳಿಯ ಬೆವರಿಗೆ ಅದು ಎದ್ದು ಬರುತ್ತದೆ. ಸ್ನಾನ ಮಾಡಿ ಚೆನ್ನಾಗಿ ಒರೆಸಿ, ಎಣ್ಣೆ ಪೌಡರ್ ಹಾಕದೆ, ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡಿಯಿರಿ. ಪ್ಯಾಚ್ ಜೊತೆಗೆ ಗಮ್ ಕೂಡ ಬಳಸಬಹುದು, ಎರಡೂ ಸೇರಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎಷ್ಟು ಎಂದು ಡಾಕ್ಟರಲ್ಲಿ ಕೇಳಿ. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಉಂಟು, ಅವು ಚೀಟಿ ಇಲ್ಲದೆ ಬೇಡ. ಹೃದಯದ ಕಾಯಿಲೆ ಇದ್ದವರು, ಬಸುರಿಯರು, ಮಗುವಿಗೆ ಹಾಲೂಡಿಸುವವರು ಗಮ್ ತೆಗೆದುಕೊಳ್ಳಲೂ ಮೊದಲು ಕೇಳಲೇಬೇಕು.

ಯಾವ ದಿನಗಳು ಹೆಚ್ಚು ಕಷ್ಟ?

ಎರಡನೇ, ಮೂರನೇ ದಿನ. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಒಂದೊಂದು ಸಲದ ಆಸೆ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಬೇರೆ ಎಲ್ಲಿಯಾದರೂ ಇರಬೇಕು.

ಇದು ಮೈಯ ಲೆಕ್ಕ. ಊರಿನ ಲೆಕ್ಕ ಬೇರೆ. ದುಬೈಯಲ್ಲಿ ಬಿಟ್ಟದ್ದು ಊರಿಗೆ ಬಂದಾಗ ಯಾಕೆ ವಾಪಸ್ ಬರುತ್ತದೆ ಎಂದು ನಾನು ತುಂಬಾ ಯೋಚಿಸಿದ್ದೇನೆ. ನಾನು ಸೇದಲು ಕಲಿತ ಜಾಗಗಳೆಲ್ಲ ಇಲ್ಲೇ ಇವೆ. ಬಸ್ಸಿಗೆ ಕಾಯುವ ಗೂಡಂಗಡಿ. ಬಯಲಾಟದಲ್ಲಿ ರಾತ್ರಿ ಎರಡರ ಹೊತ್ತಿಗೆ ಚಾ ಕುಡಿಯಲು ಎದ್ದು ಹೋಗುವ ಚರುಂಬುರಿ ಅಂಗಡಿ. ಕಂಬಳದ ಗದ್ದೆಯ ಬದು. ಮಲ್ಪೆ ಬಂದರಿನಲ್ಲಿ ಬೋಟು ಬರುವ ಹೊತ್ತು. ಮದುವೆ ಹಾಲಿನ ಹಿಂದಿನ ಕೈ ತೊಳೆಯುವ ಜಾಗ. ಅಲ್ಲೆಲ್ಲ ಹಳೆಯ ಗೆಳೆಯರು. ಅವರು ಪ್ರೀತಿಯಿಂದಲೇ ಪ್ಯಾಕು ಮುಂದೆ ಹಿಡಿಯುತ್ತಾರೆ. 'ಒಂದು ತೆಗೊ ಮಾರಾಯ, ಎಷ್ಟು ವರ್ಷ ಆಯ್ತು ಸಿಕ್ಕಿ!' ಬೇಡ ಎಂದರೆ ಗೆಳೆತನವೇ ಬೇಡ ಎಂದ ಹಾಗೆ ಅನಿಸುತ್ತದೆ.

ನನಗೆ ಸಹಾಯ ಆದದ್ದು ಇಷ್ಟು. ಮೊದಲ ತಿಂಗಳು ಬಯಲಾಟಕ್ಕೆ ಹೋಗಲಿಲ್ಲ. ಹೋದಾಗ ಮನೆಯವಳ ಜೊತೆ ಹೋದೆ, ಮುಂದಿನ ಸಾಲಿನಲ್ಲಿ ಕೂತೆ. ಗೆಳೆಯರಿಗೆ 'ಬಿಡಲು ನೋಡುತ್ತಿದ್ದೇನೆ' ಎನ್ನಲಿಲ್ಲ, 'ಬಿಟ್ಟಿದ್ದೇನೆ' ಎಂದೆ. ಮೊದಲಿನ ಮಾತಿಗೆ ಜನ ಒತ್ತಾಯ ಮಾಡುತ್ತಾರೆ, ಎರಡನೆಯದಕ್ಕೆ ಮಾಡುವುದಿಲ್ಲ. ಕಿಸೆಯಲ್ಲಿ ಲವಂಗ, ಹುರಿದ ನೆಲಗಡಲೆ ಇಟ್ಟುಕೊಂಡೆ. ಬೆರಳಿಗೂ ಬಾಯಿಗೂ ಏನಾದರೂ ಕೆಲಸ ಬೇಕು. ಊಟ ಆದ ಕೂಡಲೇ ಎದ್ದು ಹೋಗಿ ಹಲ್ಲುಜ್ಜಿದೆ.

ಸಿಗರೇಟಿನ ಬದಲು ಬೀಡಿ? ಅದು ಎಲೆ ಅಲ್ವಾ, ಕಾಗದ ಇಲ್ಲ.

ಇದನ್ನು ಕೇಳಿದಾಗ ನನಗೆ ಸಂಕಟ ಆಗುತ್ತದೆ. ನಮ್ಮ ಜಿಲ್ಲೆಗಳು ಬೀಡಿಯ ಊರುಗಳು. ನನ್ನ ಅಮ್ಮ ಬೀಡಿ ಕಟ್ಟಿ ನನ್ನ ಶಾಲೆಯ ಫೀಸು ಕಟ್ಟಿದವರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ ತರುವುದು, ಎಲೆ ನೆನೆಸುವುದು, ಅಳತೆಗೆ ಕತ್ತರಿಸುವುದು, ಮೊಣಕಾಲ ಮೇಲೆ ತಡಪೆ ಇಟ್ಟು ಸಂಜೆವರೆಗೆ ಸುರುಳಿ ಸುತ್ತಿ ನೂಲು ಕಟ್ಟುವುದು. ಆ ಪುಡಿಯ ಘಾಟಿಗೆ ಅಮ್ಮ ರಾತ್ರಿಯಿಡೀ ಕೆಮ್ಮುತ್ತಿದ್ದರು. ಅವರು ಒಂದು ಬೀಡಿಯನ್ನೂ ಸೇದಿದವರಲ್ಲ. ಕಟ್ಟುವವರ ಮೈಗೂ ಕೈಯ ಚರ್ಮದ ಮೂಲಕ, ಧೂಳಿನ ಮೂಲಕ ನಿಕೋಟಿನ್ ಹೋಗುತ್ತದೆ.

ಬೀಡಿ ಸಿಗರೇಟಿಗಿಂತ ಹಗುರವಲ್ಲ. ಅದರಲ್ಲಿ ಹೊಗೆಸೊಪ್ಪು ಕಡಿಮೆ ಇರಬಹುದು. ಆದರೆ ತೆಂಡು ಎಲೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಆರಿಹೋಗದಂತೆ ಜೋರಾಗಿ, ಪದೇ ಪದೇ ಎಳೆಯಬೇಕು. ಅದರಿಂದ ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಜಾಸ್ತಿಯೇ ಒಳಗೆ ಹೋಗುತ್ತದೆ. ಇ-ಸಿಗರೇಟಿನಿಂದ ಬೀಡಿಗೆ ಬಂದವರು ಹೊರಟ ಜಾಗಕ್ಕಿಂತ ಹಿಂದೆ ಹೋದ ಹಾಗೆ.

ಎಲೆ ಅಡಿಕೆಗೆ ಸ್ವಲ್ಪ ಹೊಗೆಸೊಪ್ಪು ಹಾಕಿಕೊಂಡರೆ?

ಬೇಡ. ಹೊಗೆಸೊಪ್ಪೂ, ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಹೇಳಲು ಕಷ್ಟ. ಆದರೂ ಹೇಳಬೇಕು.

ಬಾಯಿಹುಣ್ಣು, ಮಲಬದ್ಧತೆ, ತೂಕ ಏರುವುದು?

ಮೂರೂ ಆಗಬಹುದು. ನಿಕೋಟಿನ್ ಕರುಳನ್ನು ಓಡಿಸುತ್ತಿತ್ತು, ಈಗ ಓಡಿಸುವವರಿಲ್ಲ. ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ, ಬಾಳೆಹಣ್ಣು, ಜಾಸ್ತಿ ನೀರು ಸಾಕಾಗುತ್ತದೆ. ಬಾಯಿಹುಣ್ಣು ಕೆಲವು ವಾರದಲ್ಲಿ ಹೋಗುತ್ತದೆ. ಮೂರು ವಾರ ದಾಟಿದ ಹುಣ್ಣನ್ನು ಮಾತ್ರ ದಂತವೈದ್ಯರಿಗೆ ತೋರಿಸಲೇಬೇಕು. ತೂಕ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ನಾಲಿಗೆಗೆ ರುಚಿ ವಾಪಸ್ ಬಂದಿರುತ್ತದೆ, ಗೋಳಿಬಜೆ ಎರಡರ ಬದಲು ಆರು ಹೋಗುತ್ತದೆ. ಸಿಗರೇಟಿನ ಹಾನಿಯ ಮುಂದೆ ಆ ತೂಕ ಏನೂ ಅಲ್ಲ. ಅದನ್ನು ಆಮೇಲೆ ಇಳಿಸಬಹುದು.

ಮಗ ಹಾಸ್ಟೆಲಿನಲ್ಲಿ ಓದುತ್ತಾನೆ. ಅವನ ಬ್ಯಾಗಿನಲ್ಲಿ ಪೆನ್‌ಡ್ರೈವ್ ಹಾಗಿನ ಒಂದು ವಸ್ತು ಸಿಕ್ಕಿತು. ಅವನು ಸಿಗರೇಟು ಮುಟ್ಟಿದವನಲ್ಲ.

ಮಂಗಳೂರು, ಮಣಿಪಾಲ ಓದುವ ಮಕ್ಕಳ ಊರು. ಈ ಪ್ರಶ್ನೆಯನ್ನು ಅಪ್ಪ ಅಮ್ಮ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಆ ವಸ್ತು ಇ-ಸಿಗರೇಟು ಇರಬಹುದು. ಮೊದಲು ಬೈಯಬೇಡಿ. ಬೈದರೆ ವಸ್ತು ಬೇರೆ ಬ್ಯಾಗಿಗೆ ಹೋಗುತ್ತದೆ, ಅಷ್ಟೇ. ನಾನು ಸಂಕ ಎಂದೆನಲ್ಲ, ಅದು ಸೇದುವವನಿಗೆ. ಸೇದದ ಹುಡುಗನಿಗೆ ಅದು ನೇರ ಚಟದ ಒಳಗೇ ಹೋಗುವ ದಾರಿ. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ನಿಕೋಟಿನ್ ಬೇಗ ಹಿಡಿಯುತ್ತದೆ, ಗಮನ, ನೆನಪಿಗೆ ತೊಂದರೆ ಕೊಡುತ್ತದೆ.

'ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕಾಗುತ್ತದೆ ಮಗಾ?' ಎಂದು ಕೇಳಿ. ಅರ್ಧ ಗಂಟೆಯೊಳಗೆ ಎಂದರೆ ಚಟ ಹಿಡಿದಿದೆ, ಸಹಾಯ ಬೇಕು. ತಂಬಾಕು ಬಿಡಲು ಸಹಾಯ ಮಾಡುವ ಕ್ವಿಟ್‌ಲೈನಿಗೆ (ನಂಬರು ಕೊನೆಯಲ್ಲಿ ಕೊಟ್ಟಿದ್ದೇನೆ) ಅವನೇ ಫೋನ್ ಮಾಡಲಿ, ನೀವು ಪಕ್ಕದಲ್ಲಿ ಕೂತರೆ ಸಾಕು. 'ಪರಿಮಳದ ನೀರಿನ ಹಬೆ ಅಷ್ಟೇ' ಎಂದು ಅವನಿಗೆ ಯಾರೋ ಹೇಳಿರುತ್ತಾರೆ. ಅದರಲ್ಲಿ ನಿಕೋಟಿನ್ ಇರುತ್ತದೆಂದೇ ಹೆಚ್ಚಿನ ಮಕ್ಕಳಿಗೆ ತಿಳಿದಿರುವುದಿಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಲಿಕ್ವಿಡ್ ಬಾಟಲಿ ಇದ್ದರೆ ಅದು ವಿಷ. ಹಣ್ಣಿನ ಪರಿಮಳ ನೋಡಿ ಮಗು ಬಾಯಿಗೆ ಇಟ್ಟರೆ ಪ್ರಾಣಕ್ಕೇ ಅಪಾಯ. ಗಮ್, ಬಳಸಿದ ಪ್ಯಾಚ್ ಕೂಡ ಮಕ್ಕಳ ಕೈಗೆ ಸಿಗಬಾರದು. ಪ್ಯಾಚನ್ನು ಅಂಟು ಒಳಗೆ ಬರುವ ಹಾಗೆ ಮಡಚಿ ಎಸೆಯಿರಿ.

ಒಂದು ಸೇದಿಬಿಟ್ಟೆ. ಎಲ್ಲ ಹೋಯಿತಾ?

ಇಲ್ಲ. ಒಂದು ಎಂದರೆ ಒಂದೇ. ಪ್ಯಾಕಿನಲ್ಲಿ ಉಳಿದದ್ದನ್ನು ನೀರಿಗೆ ಹಾಕಿ, ನಾಳೆಗೆ ಇಡಬೇಡಿ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿಗೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ನನ್ನ ಮೂರು ಚೀಟಿಯಲ್ಲಿಯೂ ಒಂದೇ ಜಾಗದ ಹೆಸರು ಇತ್ತು. ನಾನು ಆಮೇಲೆ ಮನೆಗೆ ಬೇರೆ ದಾರಿಯಲ್ಲಿ ಬರಲು ಶುರು ಮಾಡಿದೆ. ಗಮ್ ಮುಂದುವರಿಸಿ. ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಪ್ರಯತ್ನದಲ್ಲೇ ಬಿಟ್ಟವರಲ್ಲ.

ಯಾರಲ್ಲಿ ಮಾತಾಡಬೇಕು? ಹಣ ಎಷ್ಟಾಗುತ್ತದೆ?

1800-11-2356. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಫೋನಿಗೆ ಹಣ ಇಲ್ಲ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ, ದಿನಾ ಕೈಯಲ್ಲಿ ಹಿಡಿದೂ ನಾವು ನೋಡಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾತಾಡಲು ಸಂಕೋಚ ಇದ್ದರೆ 011-22901701ಕ್ಕೆ ಮಿಸ್ಡ್ ಕಾಲ್ ಕೊಡಿ, ಮೊಬೈಲಿಗೆ ಮೆಸೇಜು ಬರಲು ಶುರುವಾಗುತ್ತದೆ. ಎದುರು ಕೂತು ಮಾತಾಡಬೇಕೆಂದರೆ ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ತಂಬಾಕು ಬಿಡಿಸುವ ವಿಭಾಗ ಎಲ್ಲಿ ಎಂದು ಕೇಳಿ. ಹೋಗುವಾಗ ಸಿಗರೇಟಿನ ಲೆಕ್ಕದ ಜೊತೆ ಇ-ಸಿಗರೇಟಿನ ವಿಷಯವನ್ನೂ ಹೇಳಿ. ನಿಷೇಧ ಉಂಟೆಂದು ಹೆದರಿ ಮುಚ್ಚಿಟ್ಟರೆ ಗಮ್‌ನ ಲೆಕ್ಕ ತಪ್ಪುತ್ತದೆ. ಅವರು ನಿಮ್ಮ ಚಿಕಿತ್ಸೆಗೆ ಕೂತವರು.

ನಿಮಗೆ ಈಗಲೂ ಬೇಕು ಅನಿಸುತ್ತದಾ?

ಅನಿಸುತ್ತದೆ. ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುವಾಗ, ಸಂಜೆ ಕರೆಂಟು ಹೋಗಿ ಜಗಲಿಯಲ್ಲಿ ಕೂತಾಗ. ಮೊದಲು ದಿನಕ್ಕೆ ಹತ್ತು ಸಲ ಅನಿಸುತ್ತಿತ್ತು, ಈಗ ತಿಂಗಳಿಗೆ ಒಂದೋ ಎರಡೋ. ಕಿಸೆಗೆ ಕೈ ಹೋಗುತ್ತದೆ, ಅಲ್ಲಿ ಲವಂಗ ಇರುತ್ತದೆ. ಆಗ ಎದ್ದು ಒಳಗೆ ಹೋಗುತ್ತೇನೆ. ಅಮ್ಮ ಪುನರ್ಪುಳಿ ಸಾರು ಬಿಸಿ ಮಾಡಿಟ್ಟಿರುತ್ತಾರೆ. ಗಮ್ ಬಿಟ್ಟು ವರ್ಷ ದಾಟಿತು, ಈಗ ಅದನ್ನು ಯಾವ ಹೊತ್ತಿಗೂ ಕುಡಿಯಬಹುದು.